ಅಜ್ಜಿ ಯಾಕ ದಪ್ಪ ಆಗ್ಯಾಳ?

ಅಂಧೇರಿಯ ಒಂದು ಎಡಿಟಿಂಗ್ ಸ್ಟುಡಿಯೋದಲ್ಲಿ ಹನ್ನೊಂದು ವರ್ಷದಿಂದ ಜಾಹೀರಾತು ಎಡಿಟ್ ಮಾಡುತ್ತಿದ್ದೇನೆ. ಧಾರವಾಡದ ಅವ್ವನ ಪಾಲಿಗೆ ಅದಿನ್ನೂ ‘ಏನೋ ಕಂಪ್ಯೂಟರ್ ಕೆಲಸ’. ಹೋದ ವರ್ಷ ಅಪ್ಪ–ಅವ್ವನ ಮದುವೆಗೆ ಐವತ್ತು ವರ್ಷ ತುಂಬಿದಾಗ ಮನೆಯವರಿಗೆ ಮೊದಲ ಸಲ ಈ ಕೆಲಸ ಬೇಕಾಯಿತು. ಕಾರ್ಯಕ್ರಮದಲ್ಲಿ ತೋರಿಸಲು ಇಪ್ಪತ್ತು ನಿಮಿಷದ ವಿಡಿಯೋ ಮಾಡಿಕೊಡು ಅಂದರು.

ಹೊಸ ದೃಶ್ಯಗಳನ್ನೆಲ್ಲ ನಾನೇ ಊರಿಗೆ ಹೋಗಿ ಎಚ್‌ಡಿಯಲ್ಲಿ ತೆಗೆದಿದ್ದೆ. ಹಳೆಯದು ಅಂತ ಇದ್ದದ್ದು 2004ರ ಅಕ್ಕನ ಮದುವೆಯ ಒಂದು ಮಿನಿಡಿವಿ ಟೇಪು. ಅದರಲ್ಲಿ ನಲವತ್ತು ಸೆಕೆಂಡು ಅಜ್ಜಿ ಇದ್ದಾಳೆ, ಅವ್ವನ ತಾಯಿ. ಅಜ್ಜಿ ಅಲುಗಾಡುವುದು, ಮಾತಾಡುವುದು ಎಲ್ಲಾದರೂ ಉಳಿದಿದ್ದರೆ ಆ ನಲವತ್ತು ಸೆಕೆಂಡಿನಲ್ಲಿ ಮಾತ್ರ.

ಡಿವಿಯ ಒಂದು ಚಿತ್ರ 720 ಅಡ್ಡ, 576 ಉದ್ದ. ಎಚ್‌ಡಿ 1920 ಅಡ್ಡ, 1080 ಉದ್ದ. ಗುಣಿಸಿ ನೋಡಿದರೆ ಸರಿಯಾಗಿ ಐದು ಪಟ್ಟು. ಆಕಾರವೂ ಬೇರೆ: ಹಳೆಯದು 4:3, ಹೊಸದು 16:9. ಪರದೆಯಲ್ಲಿ ಕಪ್ಪು ಪಟ್ಟಿ ಕಂಡರೆ ನಮ್ಮ ಕ್ಲೈಂಟುಗಳಿಗೆ ಆಗಿಬರುವುದಿಲ್ಲ. ಅದೇ ಅಭ್ಯಾಸದಲ್ಲಿ ರಾತ್ರಿ ಎರಡು ಗಂಟೆಗೆ ಟೇಪಿನ ಚಿತ್ರವನ್ನು ಎರಡೂ ಕಡೆ ಎಳೆದು ಪರದೆ ತುಂಬಿಸಿ, ಅವ್ವನಿಗೆ ವಾಟ್ಸಾಪ್ ಮಾಡಿ ಮಲಗಿದೆ.

ಬೆಳಿಗ್ಗೆ ಫೋನು. “ಅಲ್ಲೋ ತಮ್ಮಾ, ಅಜ್ಜಿ ಯಾಕ ಇಷ್ಟ ದಪ್ಪ ಆಗ್ಯಾಳ? ಕಡ್ಡಿ ಹಂಗ ಇದ್ದಳಲ್ಲೋ ನಮ್ಮವ್ವ.”

ಹಾಗೆ ಎಳೆದಾಗ ಅಗಲ ಮೂರನೇ ಒಂದು ಪಾಲು ಹೆಚ್ಚುತ್ತದೆ. ಎಳೆಯದೆ ಜೂಮ್ ಮಾಡೋಣವೆಂದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಒಂದೋ ತಲೆಯ ಮೇಲಿನ ಸೆರಗು ಬಿಡಬೇಕು, ಇಲ್ಲ ಮಡಿಲಲ್ಲಿಟ್ಟುಕೊಂಡ ಕೈ ಬಿಡಬೇಕು.

ಆಮೇಲೆ ಹಳೆಯ ವಿಡಿಯೋ ಚೊಕ್ಕ ಮಾಡುವ ಎಐ ಸಾಫ್ಟ್‌ವೇರಿಗೆ ಹಾಕಿದೆ. ಚಿತ್ರ ಏನೋ ಫಳಫಳ ಅಂತು. ಆದರೆ ಅಜ್ಜಿಯ ಹಣೆಯ ಹಸಿರು ಹಚ್ಚೆ ಮಾಯ! ಮುಂದಿನ ಎರಡು ಹಲ್ಲು ಆಕೆಗೆ ಇರಲಿಲ್ಲ, ಅಲ್ಲಿ ಹಲ್ಲು ಬಂದಿದ್ದವು. ಟೇಪಿನಲ್ಲಿ ಇಲ್ಲದ ವಿವರವನ್ನು ಅದು ಬೇರೆ ಸಾವಿರಾರು ಮುಖಗಳಿಂದ ಕಲಿತ ಅಂದಾಜಿನಲ್ಲಿ ತುಂಬಿತ್ತು. ಚೆಂದದ ಮುದುಕಿಯೇ, ಆದರೆ ನನಗೆ ಗುರುತಿಲ್ಲದವಳು. ಆ ಫೈಲನ್ನು ಅವ್ವನಿಗೆ ಕಳಿಸಲಿಲ್ಲ.

ಕೊನೆಗೆ ಕೆಟ್ಟದ್ದನ್ನಷ್ಟೇ ರಿಪೇರಿ ಮಾಡಿದೆ. ಡಿವಿಯ ಪ್ರತಿ ಫ್ರೇಮು ಎರಡು ಫೀಲ್ಡ್‌ಗಳ ಜೋಡಿ, ಸಮ ಗೆರೆಗಳದ್ದೊಂದು, ಬೆಸ ಗೆರೆಗಳದ್ದೊಂದು. ಹೊಸ ಪರದೆಯಲ್ಲಿ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಕಾಣುತ್ತದೆ. ಒಂದು ಫೀಲ್ಡ್ ಎಸೆದರೆ ಸಮಸ್ಯೆ ಹೋಗುತ್ತದೆ, ಜೊತೆಗೆ ಅರ್ಧ ಗೆರೆಗಳೂ ಹೋಗುತ್ತವೆ. ಎರಡನ್ನೂ ಉಳಿಸಿಕೊಂಡು ಡಿಇಂಟರ್‌ಲೇಸ್ ಮಾಡಿದೆ. ಎಸ್‌ಡಿ ಮತ್ತು ಎಚ್‌ಡಿ ಬಣ್ಣ ಲೆಕ್ಕ ಹಾಕುವ ರೀತಿ ಬೇರೆ ಬೇರೆ. ಅದನ್ನು ಸರಿಪಡಿಸಿದ ಮೇಲೆ ಇಳಕಲ್ ಸೀರೆಯ ಕೆಂಪು ತಿರುಗಿ ಬಂತು. ಶಾರ್ಪ್ ಮಾಡಲಿಲ್ಲ. 4:3ರಲ್ಲೇ, 1440 ಅಗಲಕ್ಕೆ ಹಿಗ್ಗಿಸಿ ನಡುವೆ ಇಟ್ಟೆ. ಎರಡು ಬದಿಗೂ 240 ಪಿಕ್ಸೆಲ್ ಕಪ್ಪು. ಹೊಸ ದೃಶ್ಯದ ನಡುನಡುವೆ ತುಂಡು ತುಂಡಾಗಿ ತೂರಿಸಿದರೆ ಪ್ರತಿ ಸಲ ಕಣ್ಣು ಎಡವುತ್ತದೆ. ಅದಕ್ಕೇ ನಲವತ್ತು ಸೆಕೆಂಡನ್ನೂ ಒಟ್ಟಿಗೆ ಬಿಟ್ಟೆ.

ಧ್ವನಿಗೆ ಮಾತ್ರ ಏನೂ ಮಾಡಬೇಕಿರಲಿಲ್ಲ. ಆ ಟೇಪಿನಲ್ಲಿ ಅದು 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆಗಿತ್ತು. ಈಗಲೂ ನಾನು ದಿನಾ ಕೆಲಸ ಮಾಡುವುದು ಅದೇ 48ರಲ್ಲಿ. ಹಾಗಾಗಿ ಅಂಗಳದ ಹೊಸ ದೃಶ್ಯ ಇನ್ನೂ ಓಡುತ್ತಿರುವಾಗಲೇ ಟೇಪಿನ ಧ್ವನಿ ಶುರು ಮಾಡಿದೆ, ಚಿತ್ರ ಆಮೇಲೆ.

ಕಾರ್ಯಕ್ರಮದ ದಿನ ಹಾಲ್‌ನಲ್ಲಿ ಗದ್ದಲವೋ ಗದ್ದಲ. ಮಸುಕು ಚಿತ್ರ ಬಂದಾಗ ಹಿಂದಿನ ಸಾಲಿನ ಹುಡುಗನೊಬ್ಬ “ಕ್ಲಿಯರ್ ಇಲ್ಲ” ಅಂದ. ಅಷ್ಟರಲ್ಲಿ ಪರದೆಯ ಮೇಲೆ ಅಜ್ಜಿ ಕ್ಯಾಮೆರಾ ಹಿಡಿದವನ ಕಡೆ ತಿರುಗಿ ಕೇಳಿದಳು, “ಊಟ ಆತೇನಪಾ ನಿಂದು?”

ಎದುರಿಗೆ ಕೂತಿದ್ದ ಸೋದರಮಾವ, ಎಪ್ಪತ್ತು ದಾಟಿದವರು, ತಟ್ಟನೆ “ಆತವ್ವಾ” ಅಂದುಬಿಟ್ಟರು.

ಅವ್ವ ನನ್ನ ಕಡೆ ನೋಡಿ, “ಈಗ ಸರಿ ಅದಾಳ ನೋಡು” ಅಂದಳು.