ತಂಗಿ ಕಳಿಸಿದ ಸ್ಲೈಡುಗಳು

ಹೋದ ಶನಿವಾರ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು. ದಾವಣಗೆರೆಯಲ್ಲಿ ಬಿಎಸ್ಸಿ ನರ್ಸಿಂಗ್ ಓದ್ತಾಳೆ. "ಅಣ್ಣಾ, ಒಂದು ಪಿಪಿಟಿ ಕಳ್ಸಿದೀನಿ. ನುಡಿಯಲ್ಲಿ ಟೈಪ್ ಮಾಡಿದ್ದು. ಬೇರೆ ಲ್ಯಾಪ್‌ಟಾಪಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಂದಂಗೆ ಕಾಣ್ತದೆ. ಯೂನಿಕೋಡ್ ಮಾಡ್ಕೊಡು. ಸೋಮವಾರ ಜಗಳೂರಿನ ಹೈಸ್ಕೂಲಿಗೆ ಹೋಗ್ತೀವಿ, ಆಮೇಲೆ ಚನ್ನಗಿರಿ, ನ್ಯಾಮತಿ, ಹೊನ್ನಾಳಿ."

ಮನೆಯವರ ಪಾಲಿಗೆ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಫಾಂಟು, ಪ್ರಿಂಟರ್ ರಿಪೇರಿ ಮಾಡುವವನು ತಾನೇ :-) ವಿಷಯ ಏನು ಅಂತಲೂ ಕೇಳದೆ ಒತ್ತಕ್ಷರ ತಿದ್ದುತ್ತಾ ಹೋದೆ. ಮುಟ್ಟು, ರಕ್ತಹೀನತೆ, ಎಚ್‌ಐವಿ ಹೇಗೆ ಹರಡುತ್ತೆ, 2012ರ ಪೋಕ್ಸೊ ಕಾಯ್ದೆ... ಒಂಬತ್ತನೇ ಸ್ಲೈಡಿಗೆ ಬಂದಾಗ ಕೈ ನಿಂತಿತು.

'ಸ್ವಪ್ನಸ್ಖಲನ ರೋಗವಲ್ಲ. ಚಿಕಿತ್ಸೆ ಬೇಡ. ಶಕ್ತಿ ಕುಂದುವುದಿಲ್ಲ.'

ಇಷ್ಟೇ. ಈ ಮೂರು ಸಾಲು ನನಗೆ ಹದಿನೈದರಲ್ಲಿ ಸಿಗಬೇಕಿತ್ತು ನೋಡಿ.

ನಮ್ಮದು ಹೊನ್ನಾಳಿ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ ಮೇಷ್ಟ್ರು "ಇದನ್ನ ಮನೇಲಿ ಓದ್ಕೊಳ್ಳಿ" ಅಂತ ಮುಂದಿನ ಪಾಠಕ್ಕೆ ಹಾರಿದ್ರು. ಅವರನ್ನೇನು ದೂರೋದು? 2007ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಹಾಗಾಗಿ ನನಗೆ ಪಾಠ ಹೇಳಿದ್ದು ಬಸ್‌ಸ್ಟ್ಯಾಂಡಿನ ಮೂತ್ರಿಖಾನೆ ಗೋಡೆ. ಧಾತು ನಷ್ಟ, ನರ ದೌರ್ಬಲ್ಯ, ಕೆಳಗೆ ಲಾಡ್ಜಿನ ರೂಂ ನಂಬರ್. ಅಡಿಕೆ ಸುಲಿದು ಕೂಡಿಟ್ಟ ನಾನೂರು ರೂಪಾಯಿ ಕೊಟ್ಟು ಕಂದು ಬಣ್ಣದ ಪುಡಿ ತಂದೆ. ಪುಡಿ ಮುಗೀತು, 'ರೋಗ' ಹೋಗಲಿಲ್ಲ. ಪಿಯುಸಿ ಎರಡೂ ವರ್ಷ ನಾನು ಯಾವುದಕ್ಕೂ ಲಾಯಕ್ಕಿಲ್ಲ ಅಂದ್ಕೊಂಡೇ ಓದಿದೆ. ಒಂದು ಸಂಜೆ ತುಂಗಭದ್ರೆ ಸೇತುವೆ ಮೇಲೆ ತುಂಬಾ ಹೊತ್ತು ನಿಂತಿದ್ದೆ. ಅದನ್ನ ಅಲ್ಲಿಗೇ ಬಿಡ್ತೀನಿ.

ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ರೂಮ್‌ಮೇಟ್ ಒಬ್ಬ ಬಿದ್ದು ಬಿದ್ದು ನಕ್ಕ ಮೇಲೆಯೇ ಆ ಭೂತ ಬಿಟ್ಟಿದ್ದು. ಈ ಭಯಕ್ಕೆ ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲೇ 'ಧಾತ್ ಸಿಂಡ್ರೋಮ್' ಅಂತ ಹೆಸರಿಟ್ಟಿದ್ದರು ಅಂತ ಓದಿದ್ದು ಇನ್ನೂ ಆಮೇಲೆ. ನನ್ನಂಥವರು ಹೆಸರಿಡುವಷ್ಟು ಜನ ಇದ್ರು ಅಂತಾಯ್ತು!

ಸೋಮವಾರ ರಾತ್ರಿ ತಂಗಿ ಮತ್ತೆ ಫೋನ್ ಮಾಡಿದ್ಲು. ಹುಡುಗರಿಗೆ ಅವಳ ಕ್ಲಾಸಿನ ಹುಡುಗರು, ಹುಡುಗಿಯರಿಗೆ ಇವಳು ಹೇಳಿಕೊಟ್ಟರಂತೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಹೆಸರು ಬರೀಬೇಡಿ ಅಂತ ಹೇಳಿ ಡಬ್ಬಿ ಇಟ್ಟ ಮೇಲೆ ಚೀಟಿ ತುಂಬಿದವಂತೆ. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುತ್ತೆ ಅನ್ನೋದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ.

"ಮುಟ್ಟಾದಾಗ ಹೊರಗೆ ಕೂರಲೇಬೇಕಾ ಅಂತ ಒಂದು ಚೀಟಿ ಇತ್ತು ಅಣ್ಣಾ. ಬೇಕಿಲ್ಲ ಅಂದೆ. ಆದ್ರೆ ಅವಳು ಮನೆಗೆ ಹೋಗಿ ಹೊರಗೇ ಕೂರ್ತಾಳೆ ಅಲ್ವಾ?"

ನಮ್ಮಜ್ಜಿ ಇವಳನ್ನೂ ಹಿತ್ತಿಲ ಕೋಣೆಯಲ್ಲಿ ಕೂರಿಸಿದ್ರು. ಊಟದ ತಟ್ಟೆಯನ್ನ ದೂರದಿಂದಲೇ ತಳ್ಳಿ ಓಡಿದವನು ನಾನು. ಏನು ಹೇಳಬೇಕು ಅಂತ ತೋಚಲಿಲ್ಲ.

ಅವಳೇ ಮಾತು ಬದಲಿಸಿದ್ಲು. "ಒಂಬತ್ತನೇ ಸ್ಲೈಡಿನಲ್ಲಿ, ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ ಚೀಟಿ ನಂಬಬೇಡಿ ಅಂತ ಒಂದು ಸಾಲು ಸೇರಿಸಿದೀಯಲ್ಲ, ಯಾಕೆ?"

"ಸುಮ್ನೆ."

"ಹೊನ್ನಾಳಿಗೆ ಹೋಗುವಾಗ್ಲೂ ಇಟ್ಕೊಳ್ಳಾ?"

"ಇಟ್ಕೋ" ಅಂದೆ.