ಆ ಎರಡು ಸೆಕೆಂಡ್ ಯಾರದು?

ಸಾತಪುರಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಇಲ್ಲೊಂದು 'ಮೈಕೋ ಸರ್ಕಲ್' ಇದೆ, ಹೆಸರು ಕೇಳಿದಾಗೆಲ್ಲ ನಮ್ಮ ಆಡುಗೋಡಿ ನೆನಪಾಗುತ್ತೆ. ಕಂಪನಿ 2008ರಲ್ಲೇ ಬಾಷ್ ಲಿಮಿಟೆಡ್ ಆಯ್ತು. ಜನರ ಬಾಯಲ್ಲಿ ಮಾತ್ರ ಇನ್ನೂ ಮೈಕೋನೇ!

ನಾನಿರೋದು ಬೇರೊಂದು ಸಣ್ಣ ಕಂಪನಿಯಲ್ಲಿ, ಇಂಜಿನ್ ನಿಯಂತ್ರಿಸೋ ಸಾಫ್ಟ್‌ವೇರ್ ಕೆಲಸ. ಟ್ರ್ಯಾಕ್ಟರಿಗೆ, ಪಿಕಪ್ಪಿಗೆ, ಬಸ್ಸಿಗೆ ಅಂತ ಪ್ರತಿಸಲ ಮೊದಲಿಂದ ಬರೆಯೋದಿಲ್ಲ. ಬುಡ ಒಂದೇ, ವ್ಯತ್ಯಾಸ ಇರೋ ಕಡೆ ಮಾತ್ರ ಆಯ್ಕೆ. ಇದೇ ಪ್ರಾಡಕ್ಟ್ ಲೈನ್. 1976ರಲ್ಲೇ ಡೇವಿಡ್ ಪಾರ್ನಾಸ್ ಇಂಥವನ್ನು ಪ್ರೋಗ್ರಾಂಗಳ 'ಕುಟುಂಬ' ಅಂತ ಕರೆದಿದ್ದರು.

ಕುಟುಂಬ ಅಂದ ಮೇಲೆ ವಂಶಾವಳಿ ಬೇಕಲ್ಲ? ಅದು ಟ್ರೇಸಬಿಲಿಟಿ. ಗ್ರಾಹಕರು ಕೇಳಿದ್ದು ಯಾವ ಕೋಡ್ ಆಯ್ತು, ಯಾವ ಪರೀಕ್ಷೆ ಅದನ್ನು ನೋಡಿತು ಅಂತ ಮುಂದಕ್ಕೂ ಹಿಂದಕ್ಕೂ ಹೋಗೋ ಕೊಂಡಿ. ಇಲ್ಲಿ ರಾಮಕುಂಡದ ಪುರೋಹಿತರು ಊರು, ಮನೆತನ ಕೇಳಿ ಹಳೇ ಪುಸ್ತಕ ಬಿಚ್ಚಿ ಮುತ್ತಜ್ಜನ ಹೆಸರು ತೋರಿಸ್ತಾರಲ್ಲ, ಹಾಗೆ. ನಿಜ ಹೇಳ್ಬೇಕಂದ್ರೆ ಅವರ ಪುಸ್ತಕ ನಮ್ಮ ಎಕ್ಸೆಲ್‌ಗಿಂತ ವಾಸಿ.

ಯಾಕೆ ಅಂತೀರಾ? ಒಮ್ಮೆ ಟ್ರ್ಯಾಕ್ಟರಿನವರು "ಸ್ಟಾರ್ಟ್ ಆಗೋಕೆ ತಡ" ಅಂದ್ರು. ಹುಡುಕಿದ್ರೆ ಒಂದೇ ಸಾಲು ಕೋಡ್: ಎರಡು ಸೆಕೆಂಡ್ ತಡೆ. "ತೆಗೆದುಬಿಡೋಣ ಸಾರ್" ಅಂದ ಹೊಸ ಹುಡುಗ. ಪಟ್ಟಿಯಲ್ಲಿ ಆ ಸಾಲಿಗೆ ಬೇಡಿಕೆಯ ನಂಬರ್ ಇತ್ತು, ಪರೀಕ್ಷೆಯ ನಂಬರ್ ಇತ್ತು. ಯಾವ ಗಾಡಿಗಾಗಿ ಅನ್ನೋದೇ ಇರಲಿಲ್ಲ! ಬರೆದವರು ರಿಟೈರ್ ಆಗಿ ಧಾರವಾಡ ಸೇರಿದ್ರು. ಫೋನ್ ಹಚ್ಚಿದೆ.

"ಅದು ಬಸ್ಸಿಂದೋ ತಮ್ಮಾ. ಥಂಡ್ಯಾಗ ಹೀಟರ್ ಬಿಸಿ ಆಗೂತನಕ ತಡೀಬೇಕು. ಮುಟ್ಟಬ್ಯಾಡ!"

ಮುಟ್ಟಿದ್ದರೆ ಟ್ರ್ಯಾಕ್ಟರ್ ಪರೀಕ್ಷೆಯಲ್ಲಿ ಎಲ್ಲ ಪಾಸು. ಚಳಿಗಾಲದ ಬೆಳಗಿನ ಐದು ಗಂಟೆಗೆ, ಯಾವುದೋ ಡಿಪೋದಲ್ಲಿ, ಬಸ್ಸು ಏಳುತ್ತಿರಲಿಲ್ಲ. 'ಹೀಟರ್ ಇದ್ದರೆ ಮಾತ್ರ ತಡೆ' ಅಂತ ಬದಲಿಸಿದೆವು.

ಹಾಗಾದ್ರೆ ಗಾಡಿಗೊಂದು ಪಟ್ಟಿ ಇಟ್ಟರಾಯ್ತಲ್ಲ ಅಂತೀರೇನೋ. ಇದ್ದೂ ಇಲ್ಲದೆಯೂ ಇರಬಹುದಾದ ಹತ್ತು ಸೌಲಭ್ಯಗಳಿದ್ದರೆ ಲೆಕ್ಕದ ಪ್ರಕಾರ 1024 ಬಗೆಯ ಗಾಡಿ! ಅದಕ್ಕೇ ಕೊಂಡಿ ಕಟ್ಟಬೇಕಾದ್ದು ಗಾಡಿಗಲ್ಲ, ಸೌಲಭ್ಯಕ್ಕೆ. ಹೀಟರ್ ಅನ್ನೋದಕ್ಕೆ ಒಂದು ಗಂಟು, ಅದಕ್ಕೆ ಅದರ ಬೇಡಿಕೆ, ಕೋಡ್, ಪರೀಕ್ಷೆ. ಯಾವ ಗಾಡಿಯಲ್ಲಿ ಹೀಟರ್ ಇದೆಯೋ ಅದಕ್ಕೆ ಇಡೀ ಗಂಟು ತಾನಾಗಿ ಬರುತ್ತೆ. ಸೌಲಭ್ಯಗಳನ್ನು ಹೀಗೆ ಮರದ ಹಾಗೆ ಬರೆಯೋ ಪದ್ಧತಿ 1990ರಿಂದಲೇ ಇದೆ. ಬರೆಯೋ ತಾಳ್ಮೆ ಬೇಕಷ್ಟೆ, ಡೆಲಿವರಿ ವಾರದಲ್ಲಿ ಅದು ಯಾರಿಗಿರುತ್ತೆ ಹೇಳಿ...

ಈಗ ಪಟ್ಟಿಗೆ 'ಯಾರಿಗಾಗಿ' ಅಂತ ಹೊಸ ಕಾಲಂ ಹಾಕಿದ್ದೀನಿ. ಅರ್ಧ ಇನ್ನೂ ಖಾಲಿ. ಧಾರವಾಡದವರಿಗೆ ಎಪ್ಪತ್ತು ದಾಟಿದೆ. ಭಾನುವಾರ ಬೆಳಿಗ್ಗೆ ಚಹಾ ಆದಮೇಲೆ ಫೋನ್ ಮಾಡು ಅಂದಿದ್ದಾರೆ.