ಹೋದ ಪುಟ್ಟ, ಬಂದ ಪುಟ್ಟ

ಹುಬ್ಬಳ್ಳಿಯ ಗೋಕುಲ ರೋಡಿನವರಿಗೆ ವಿಮಾನದ ಬೆರಗೇನೂ ಉಳಿದಿಲ್ಲ. ಆದರೆ ಆಷಾಢ ಬಂತೆಂದರೆ ಮತ್ತೆ ಎಲ್ಲರ ಕಣ್ಣೂ ಮೇಲೆ. ನಮ್ಮದು ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಜಿಟಿಜಿಟಿ ಮಳೆ ಹಿಡಿದರೆ ಮೋಡ ಮಾಳಿಗೆಯ ಮೇಲೇ ಬಂದು ಕೂರುತ್ತದೆ. ವಿಮಾನದ ಸದ್ದು ಕೇಳುತ್ತದೆ, ವಿಮಾನ ಕಾಣುವುದಿಲ್ಲ.

“ಇಳೀತೇನ್ರಿ ಕಾಕಾ?”

“ಎಲ್ಲೀದಪಾ! ಮ್ಯಾಲೆ ನಾಕ ಸುತ್ತ ಹೊಡೀತು, ವಾಪಸ್ ಬೆಂಗಳೂರಿಗೆ ಹೋತು. ಹೋದ ಪುಟ್ಟ, ಬಂದ ಪುಟ್ಟ!”

ಕೇಳಿದವರು ನಗುತ್ತಾರೆ, ಟಿಕೆಟ್ ತೆಗೆಸಿದವರು ಬೈಯುತ್ತಾರೆ. ನಾನು ಮಾತ್ರ ಈ ಪುಟ್ಟನ ಪಕ್ಷ.

2015ರ ಮಾರ್ಚ್ 8ರ ಭಾನುವಾರ ಸಂಜೆ ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್ ವಿಮಾನ ಮಳೆಯಲ್ಲೇ ಇಲ್ಲಿ ಇಳಿಯಿತು. ನೆಲ ಮುಟ್ಟಿದ ಮೇಲೆ ರನ್‌ವೇ ಬಿಟ್ಟು ಎಡಕ್ಕೆ ಹೊರಳಿ, ಎಡಗಡೆಯ ಚಕ್ರದ ಕಾಲು ಮುರಿದುಕೊಂಡು ಕೂತಿತು. ಒಳಗಿದ್ದ 78 ಪ್ರಯಾಣಿಕರೂ ಪಾರಾದರು. ಹುಬ್ಬಳ್ಳಿಯಲ್ಲಿ ಇಂಥದಕ್ಕೆಲ್ಲ ಕಾರಣ ಒಂದೇ: ಸಿದ್ಧಾರೂಢಜ್ಜನ ಪುಣ್ಯ.

ಪುಣ್ಯ ಪ್ರತಿ ಸಲ ಒದಗುವುದಿಲ್ಲ. 1990ರ ಫೆಬ್ರುವರಿ 14ರ ಮಧ್ಯಾಹ್ನ ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ 605 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವನ್ನು ಸಮೀಪಿಸಿತ್ತು. ಮಳೆಯ ಕಾಟವಿರಲಿಲ್ಲ, ಆ ಏರ್‌ಬಸ್ ಎ320 ವಿಮಾನ ಸೇವೆಗೆ ಸೇರಿ ಎರಡು ತಿಂಗಳೂ ತುಂಬಿರಲಿಲ್ಲ. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿತ್ತು. ಪೈಲಟ್‌ಗಳ ಗಮನಕ್ಕೆ ಅದು ಬರುವಷ್ಟರಲ್ಲಿ ತಡವಾಗಿತ್ತು. ಜೆಟ್ ಎಂಜಿನ್ ಪೂರ್ತಿ ಬಲ ತುಂಬಿಕೊಳ್ಳಲು ಕೆಲವು ಸೆಕೆಂಡು ಬೇಕು. ಅಷ್ಟು ಎತ್ತರ ಉಳಿದಿರಲಿಲ್ಲ. ರನ್‌ವೇ ಇನ್ನೂ ಮುಂದಿರುವಾಗಲೇ ವಿಮಾನ ಗಾಲ್ಫ್ ಮೈದಾನಕ್ಕೆ ಬಡಿಯಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ತೀರಿಹೋದರು.

ಮಂಗಳೂರಿನದು ಇನ್ನೂ ಸಂಕಟದ್ದು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇರಬೇಕಾದ ಮಟ್ಟಕ್ಕಿಂತ ತೀರ ಮೇಲಿತ್ತು. ಇಳಿಸುವುದು ಬೇಡ, ಮೇಲೇರಿ ಸುತ್ತಿ ಬರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಮುಗಿದರೂ ವಿಮಾನ ನಿಲ್ಲಲಿಲ್ಲ. ಸತ್ತವರು 158, ಉಳಿದವರು 8.

ಆ ಕ್ಯಾಪ್ಟನ್ನರೊಬ್ಬರನ್ನೇ ಅಂದು ಫಲವಿಲ್ಲ. ಊರು ಹತ್ತಿರವಾದಷ್ಟೂ ಮನುಷ್ಯನಿಗೆ ಅವಸರ ಜಾಸ್ತಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸು ನವಲೂರು ದಾಟಿತೋ ಇಲ್ಲವೋ, ಚೀಲ ಹೆಗಲಿಗೇರಿಸಿ ಬಾಗಿಲಿಗೆ ಜೋತುಬೀಳುವವರು ನಾವು. ಕೆಳಗೆ ನೆಲ ಕಾಣುತ್ತಿರುವಾಗ, ಹಿಂದೆ ಕೂತವರೆಲ್ಲ ಗಡಿಯಾರ ನೋಡುತ್ತಿರುವಾಗ, ‘ಒಲ್ಲೆ’ ಅಂದು ಮೂತಿ ಮೇಲೆತ್ತಲು ಗಟ್ಟಿ ಎದೆ ಬೇಕು. ಇಳಿಸಿದವನಿಗೆ ಚಪ್ಪಾಳೆ ಉಂಟು, ಇಳಿಸದೆ ಹೋದವನಿಗೆ ಬೈಗುಳವಷ್ಟೇ. ಅವನು ತಪ್ಪಿಸಿದ ಅನಾಹುತ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಯಾಕೆಂದರೆ ಅದು ಆಗಲೇ ಇಲ್ಲ.

ಶ್ರಾವಣದಲ್ಲಿ ನಮ್ಮ ಓಣಿಯ ಮದುವೆಗೆ ಹುಡುಗಿಯ ಸೋದರಮಾವ ವಿಮಾನ ಹತ್ತಿ ಬಂದರು. ಹುಬ್ಬಳ್ಳಿಯ ಮೋಡದ ಬೆನ್ನಷ್ಟೇ ನೋಡಿ ಬೆಂಗಳೂರಿಗೆ ಮರಳಿದರು. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು, ಬೆಳಿಗ್ಗೆ ಅಕ್ಕಿಕಾಳಿಗೆ ಸರಿಯಾಗಿ ಮಂಟಪಕ್ಕೆ ಓಡಿ ಬಂದರು. ಊಟದ ಪಂಕ್ತಿಯಲ್ಲಿ ಕೂತು, ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುತ್ತ, ಪೈಲಟ್‌ಗೆ ಬೈದದ್ದೇ ಬೈದದ್ದು. ಬೈಯಲಿ ಬಿಡ್ರಿ, ಬೈಲಿಕ್ಕಾದ್ರೂ ಬಂದು ಕೂತಾರಲ್ಲ.